ಬಡ್ತಿಯ ಪಾರ್ಟಿಗೆ ಬೆಲ್ಲದ ಪಾನಕ

ಯಜಮಾನರಿಗೆ ಬಡ್ತಿ ಆಯಿತು ಅನ್ನಿ. ‘ಕಾಕ್‌ಟೇಲ್ ಪಾರ್ಟಿ ಯಾವಾಗ?’ ಅಂತ ಆಫೀಸಿನವರು ಬೆನ್ನು ಹತ್ತುತ್ತಾರೆ. ಹೆಚ್ಚಿದ ಸಂಬಳ ಕೈಗೆ ಬರುವ ಮೊದಲೇ ಬಾಟಲಿಗಳ ಲೆಕ್ಕ! ಆ ದುಡ್ಡು ಮಕ್ಕಳ ಫೀಸಿನಿಂದಲೋ ತಿಂಗಳ ದಿನಸಿಯಿಂದಲೋ ತಾನೇ ಬರಬೇಕು, ಸೋದರಿಯರೇ?

ಬೆಂಗಳೂರಿನ ಶ್ರೀನಗರದಂಥ ಬಡಾವಣೆಯ ಪುಟ್ಟ ಮನೆಗೆ ಪಾನಕದ ಪಾರ್ಟಿಯೇ ಸರಿ. ಕಾಕ್‌ಟೇಲ್ ಅಂದರೂ ಬೆರೆಸಿದ ಪಾನೀಯವೇ ಅಲ್ಲವೇ! ರಾಮನವಮಿಗೆ ಪಾನಕ ಮಾಡುವ ಕೈಗೆ ಇದೇನು ಹೊಸದು?

15 ಜನಕ್ಕೆ 1 ಕೆ.ಜಿ. ಬೆಲ್ಲ ಸಾಕು. 1 ಲೀಟರ್ ಬಿಸಿನೀರಲ್ಲಿ ಕರಗಿಸಿ ಸೋಸಿ, ಶುಂಠಿಪುಡಿ, ಏಲಕ್ಕಿ, ಮೆಣಸು, ಚಿಟಿಕೆ ಉಪ್ಪು ಸೇರಿಸಿ ಬೆಳಿಗ್ಗೆಯೇ ಇಟ್ಟುಬಿಡಿ. ಸಂಜೆ 6 ನಿಂಬೆಹಣ್ಣು ಹಿಂಡಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಮಾತ್ರ ಬೇಡ, ಹುಳಿಗೆ ಕಿಲುಬು ಬಿಡುತ್ತದೆ. ಲೋಟಕ್ಕೆ ಕಾಲು ಭಾಗ ಇದನ್ನು ಹಾಕಿ ಮಿಕ್ಕದ್ದಕ್ಕೆ ತಣ್ಣೀರು ತುಂಬಿದರೆ ತಲೆಗೆ ಎರಡೆರಡು ಲೋಟ ಆಗುತ್ತದೆ. ಶೋಕಿ ಬೇಕೆನಿಸಿದರೆ ನೀರಿನ ಬದಲು ಸೋಡಾ, ಮೇಲೊಂದು ಪುದೀನ ಎಸಳು; ಗಾಂಧಿಬಜಾರ್ ಹತ್ತಿರವೇ ಇದೆ. ಸೋಡಾ ಮಾತ್ರ ಕೈಗೆ ಕೊಡುವಾಗಲೇ ಸುರಿಯಿರಿ.

ನಂಚಿಕೊಳ್ಳಲು ಹೆಸರುಬೇಳೆ ಕೋಸಂಬರಿ. ಉಪ್ಪು ಕೊನೆಗೆ ಹಾಕಿ, ಇಲ್ಲದಿದ್ದರೆ ನೀರೊಡೆಯುತ್ತದೆ.

‘ನೋಡಿದವರು ನಗ್ತಾರೆ ಕಣೇ’ ಅಂತ ಯಜಮಾನರು ಗೊಣಗಬಹುದು. ನಗಲಿ. ನಗುವವರೇನು ನಿಮ್ಮ ಮಕ್ಕಳ ಫೀಸು ಕಟ್ಟುತ್ತಾರೆಯೇ? ಬಾಟಲಿ ಪಾರ್ಟಿಯಲ್ಲಾದರೆ ಹೆಂಗಸರು, ಮಕ್ಕಳು, ಅತ್ತೆ ಎಲ್ಲ ಒಳಕೋಣೆ ಸೇರಬೇಕು. ಇಲ್ಲಿ ಎಲ್ಲರ ಕೈಯಲ್ಲೂ ಒಂದೇ ಲೋಟ. ನೀವೂ ಹಾಲಿನಲ್ಲೇ ಕೂತುಕೊಳ್ಳಿ. ಲೋಟ ಹಂಚುವ ಕೆಲಸ ಯಜಮಾನರಿಗಿರಲಿ, ಬಡ್ತಿ ಆಗಿರುವುದು ಅವರಿಗೆ ತಾನೇ!