ರೆಡ್ ಅಲರ್ಟ್ ಅಂದರೆ ಬರೀ ರಜೆಯಲ್ಲ

ಮಳೆಗಾಲದ ಎಚ್ಚರಿಕೆ ಈಗ ನಮ್ಮ ಮನೆಗಳಿಗೆ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. 'ನಾಳೆ ರೆಡ್ ಅಲರ್ಟ್' ಎಂಬ ಸಂದೇಶ ಬಂದ ಕೂಡಲೇ ಎಲ್ಲರ ಪ್ರಶ್ನೆ ಒಂದೇ: ನಾಳೆ ರಜೆ ಉಂಟಾ? ಡಿಸಿಯವರ ಆದೇಶ ಬಂತಾ? ರಜೆ ಸಿಕ್ಕಿತು ಅಂತ ಗೊತ್ತಾದರೆ ಮಕ್ಕಳಿಗೆ ಖುಷಿ, ಎಚ್ಚರಿಕೆಯ ಕೆಲಸ ಅಲ್ಲಿಗೆ ಮುಗಿಯಿತು. ಆ ರಾತ್ರಿ ಅದೇ ಮಕ್ಕಳು ಮನೆಯ ಹಿಂದಿನ ಬರೆಗೆ ತಾಗಿಕೊಂಡಿರುವ ಕೋಣೆಯಲ್ಲೇ ಮಲಗುತ್ತಾರೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯೊಳಗೆ 204.4 ಮಿ.ಮೀ.ಗಿಂತ ಹೆಚ್ಚು ಮಳೆಯಾಗುವ ಸಾಧ್ಯತೆ ಇದ್ದಾಗ ರೆಡ್ ಅಲರ್ಟ್. 115.6ರಿಂದ 204.4 ಮಿ.ಮೀ. ತನಕ ಆರೆಂಜ್. "ಇಷ್ಟು ಮಳೆಯನ್ನು ನಮ್ಮ ಅಜ್ಜಂದಿರು ಎಷ್ಟು ನೋಡಿಲ್ಲ?" ಎಂದು ಕೇಳುವವರಿದ್ದಾರೆ. ನೋಡಿದ್ದಾರೆ, ನಿಜ. 1923 ಮತ್ತು 1974ರ ನೇತ್ರಾವತಿಯ ನೆರೆಯ ಮಾತು ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಬಾಯಲ್ಲಿ ಈಗಲೂ ಇದೆ. ಆದರೆ ಹೊಳೆ ನೀರು ಸ್ವಲ್ಪವಾದರೂ ಸಮಯ ಕೊಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಕ್ಕಿ ಮುಡಿಯನ್ನು ಅಟ್ಟಕ್ಕೆ ಏರಿಸಲು, ಆಡು ದನ ಬಿಚ್ಚಲು, ದೋಣಿ ಕರೆಯಲು ಪುರುಸೊತ್ತು ಸಿಗುತ್ತದೆ. ಹೊಳೆ ಬದಿಯವರಿಗೆ ನೆರೆಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಡ್ಡೆ ಹಾಗಲ್ಲ. ಈಗ ನಮ್ಮ ಜಿಲ್ಲೆಯಲ್ಲಿ ಜೀವ ತೆಗೆಯುತ್ತಿರುವುದು ಹೆಚ್ಚಾಗಿ ಹೊಳೆಯಲ್ಲ, ಮನೆಯ ಹಿಂದಿನ ಮಣ್ಣು. 2022ರ ಜುಲೈಯಲ್ಲಿ ಬಂಟ್ವಾಳದ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು ಕೇರಳದಿಂದ ಬಂದಿದ್ದ ಮೂವರು ರಬ್ಬರ್ ಕಾರ್ಮಿಕರು ಹೋದರು. ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಇಬ್ಬರು ಪುಟ್ಟ ಅಕ್ಕ ತಂಗಿಯರು. 2024ರ ಜೂನ್ 26ರ ನಸುಕಿನಲ್ಲಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಬಿದ್ದು ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಒಟ್ಟಿಗೆ ಹೋದರು. 2025ರ ಮೇ 30ರಂದು ಮೊಂಟೆಪದವಿನಲ್ಲಿ ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು, ಅದೇ ದಿನ ದೇರಳಕಟ್ಟೆಯ ಕಾನೆಕೆರೆಯಲ್ಲಿ ಒಬ್ಬಳು ಬಾಲಕಿ. ಮೇ 30 ಎಂಬುದನ್ನು ಗಮನಿಸಿ. ಜೂನ್ ಬರಲಿ, ಆಮೇಲೆ ಕಣಿ ತೆಗೆಸೋಣ, ಟಾರ್ಪಾಲ್ ತರೋಣ ಎಂದು ಕೂತರೆ ಮಳೆ ಕಾಯುವುದಿಲ್ಲ.

ಇದಕ್ಕೆ ಕಾರಣ ಮಳೆ ಒಂದೇ ಅಲ್ಲ. ನಮ್ಮಲ್ಲಿ ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣು. ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಲ್ಲುವ ಶೇಡಿ, ನೀರು ಕುಡಿದರೆ ಹಿಟ್ಟಿನ ಹಾಗಾಗುತ್ತದೆ. ಜಾಗಕ್ಕೆ ರೇಟು ಏರಿದ ಮೇಲೆ, ಪಾಲು ಆದ ಮೇಲೆ, ಸಣ್ಣ ಸಂಬಳದವರಿಗೆ ಸಿಕ್ಕಿದ್ದು ಗುಡ್ಡೆಯ ಬದಿಯ ನಾಲ್ಕೈದು ಸೆಂಟ್ಸ್. ಜೆಸಿಬಿ ಬಂತು, ಗುಡ್ಡೆಯನ್ನು ನೇರ ಗೋಡೆಯ ಹಾಗೆ ಕಡಿಯಿತು, ಅಡುಗೆ ಕೋಣೆಯ ಹಿಂದೆ ಮೂರು ಅಡಿ ಬಿಟ್ಟು ಮನೆ ಎದ್ದಿತು. ಮೇಲಿನವರು ತಮ್ಮ ಅಂಗಳದ ನೀರನ್ನು ಕೆಳಗಿನವರ ಕಡೆಗೆ ಬಿಟ್ಟರು. ಹಣ ಇದ್ದವರು ಕಟ್ಟಿದ ತಡೆಗೋಡೆಯಲ್ಲೂ ನೀರು ಹೊರಗೆ ಹೋಗಲು ಪೈಪ್ ಇಟ್ಟಿರುವುದಿಲ್ಲ. ಹಿಂದೆ ತುಂಬಿದ ನೀರು ಕೊನೆಗೆ ಗೋಡೆಯನ್ನೇ ದೂಡುತ್ತದೆ. ಗೋಡೆ ನಮ್ಮದು, ಬೀಳುವುದು ನೆರೆಯವರ ಮೇಲೆ. ನೆರೆಯವರ ಹಕ್ಕಿನ ಬಗ್ಗೆ ಮದ್ರಸದ ಮಕ್ಕಳಿಗೆ ನಾವು ಹೇಳಿಕೊಡುವ ಪಾಠದಲ್ಲಿ ಈ ಪೈಪೂ ಸೇರಬೇಕು.

ವಯನಾಡನ್ನು ಇಲ್ಲಿ ನೆನಪಿಸಲೇಬೇಕು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದವು, 250ಕ್ಕೂ ಹೆಚ್ಚು ಜನ ಸತ್ತರು. ಮೃತದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನ ತನಕ ತೇಲಿಹೋದವು. ಅದಕ್ಕೆ ಮೊದಲಿನ 48 ಗಂಟೆಯಲ್ಲಿ ಹತ್ತಿರದ ಕಳ್ಳಾಡಿಯಲ್ಲಿ 570 ಮಿ.ಮೀ.ಗೂ ಮಿಕ್ಕಿ ಮಳೆ ಸುರಿದಿತ್ತು. ಪಕ್ಕದ ಪುತ್ತುಮಲ 2019ರ ಆಗಸ್ಟ್‌ನಲ್ಲೇ ಕುಸಿದಿತ್ತು. ಅಂದರೆ ಮಣ್ಣು ಮೊದಲೇ ಒಂದು ಸಲ ಹೇಳಿತ್ತು. ಗುರುತು ಸಿಗದ ದೇಹಗಳನ್ನು ನಂಬರ್ ಹಾಕಿ ಅದೇ ಪುತ್ತುಮಲದಲ್ಲಿ ದಫನ ಮಾಡಬೇಕಾಯಿತು. ಬದುಕಿ ಉಳಿದವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಆಧಾರ್, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್ ಮತ್ತೆ ಮಾಡಿಕೊಡಲು ಅಲ್ಲಿನ ಸರಕಾರ ವಿಶೇಷ ಶಿಬಿರಗಳನ್ನೇ ನಡೆಸಿತು.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಸಿದ್ಧತೆ ಎಂದರೆ ಅಕ್ಕಿ, ಮೇಣದಬತ್ತಿ, ಪವರ್ ಬ್ಯಾಂಕ್ ಎಂದುಕೊಳ್ಳುವುದುಂಟು. ಅವೂ ಬೇಕು. ಅದಕ್ಕಿಂತ ಮೊದಲು ಬೇಕಾದದ್ದು ಒಂದು ತೀರ್ಮಾನ: ಯಾವಾಗ ಮನೆ ಬಿಡುವುದು, ಎಲ್ಲಿಗೆ ಹೋಗುವುದು. ಈ ತೀರ್ಮಾನ ಬಿಸಿಲಿರುವಾಗಲೇ ಆಗಬೇಕು. ಕರೆಂಟ್ ಹೋಗಿ, ಮಗು ಅಳುತ್ತಾ, ಹೊರಗೆ ಗಾಳಿ ಬೀಸುವ ರಾತ್ರಿ ಎರಡು ಗಂಟೆಗೆ ಯಾರಿಗೂ ತಲೆ ಓಡುವುದಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಂಡಸರು ದುಬೈ, ಸೌದಿ, ಖತರ್‌ನಲ್ಲಿ. ಮನೆಯಲ್ಲಿ ಇರುವುದು ಉಮ್ಮ, ಸೊಸೆ, ಮಕ್ಕಳು. ಹಿಂದಿನ ಬರೆಯಿಂದ ಕಲ್ಲು ಉದುರುವ ಶಬ್ದ ಕೇಳಿದರೂ ಹೆಂಗಸರು ಹೊರಡಲು ಹಿಂಜರಿಯುತ್ತಾರೆ. ಅವರನ್ನು ಕೇಳಬೇಕು, ಫೋನ್ ಸಿಗುತ್ತಿಲ್ಲ, ಈ ರಾತ್ರಿ ಯಾರ ಮನೆಗೆ ಹೋಗುವುದು, ನಾಳೆ ಜನ ಏನು ಹೇಳುತ್ತಾರೆ. ಗಲ್ಫ್‌ನಲ್ಲಿರುವ ಸಹೋದರರು ಈ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಿದ್ದರೆ ಇವತ್ತೇ ಮನೆಗೆ ಒಂದು ಮಾತು ಹೇಳಿಬಿಡಿ: 'ಹೆದರಿಕೆ ಆದ ಕೂಡಲೇ ಹೊರಡು, ನನ್ನನ್ನು ಕೇಳಬೇಡ.' ಜೀವ ಉಳಿಸುವ ಹೊತ್ತಿನಲ್ಲಿ ಹೆಣ್ಣು ಒಬ್ಬಳೇ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ನೆರೆಮನೆಗೆ ಹೋಗಲು ದೀನ್‌ನಲ್ಲಿ ಯಾವ ಅಡ್ಡಿಯೂ ಇಲ್ಲ. ಆ ನೆರೆಮನೆ ಯಾವ ಧರ್ಮದವರದ್ದೂ ಆಗಿರಬಹುದು. ಮಣ್ಣು ಅದನ್ನು ಕೇಳುವುದಿಲ್ಲ.

ಬರೆಯ ಮೇಲೆ ಹೊಸ ಬಿರುಕು, ವಾಲಿದ ತೆಂಗು ಅಥವಾ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಹೊಸ ಒರತೆ, ಕೆಸರಾಗಿ ಬರುವ ನೀರು, ಸರಿಯಾಗಿ ಮುಚ್ಚದ ಬಾಗಿಲು, ಜೋರು ಮಳೆಯಲ್ಲೂ ಒಮ್ಮೆಲೇ ಬತ್ತಿದ ತೋಡು. ಇದರಲ್ಲಿ ಒಂದು ಕಂಡರೂ ಅಲರ್ಟಿಗೆ ಕಾಯಬೇಡಿ. ಬರೆ ಬದಿಯ ಮನೆಯವರು ರೆಡ್ ಅಲರ್ಟ್ ರಾತ್ರಿ ಬೇರೆ ಕಡೆ ಮಲಗುವುದೇ ಒಳ್ಳೆಯದು. ಹೋಗಲು ಎಲ್ಲಿಯೂ ಇಲ್ಲದಿದ್ದರೆ ಕನಿಷ್ಠ ಹಿಂದಿನ ಕೋಣೆ ಬಿಟ್ಟು ಮುಂದಿನ ಹಾಲ್‌ಗೆ ಹಾಸಿಗೆ ತನ್ನಿ. ಅದು ಪೂರ್ತಿ ರಕ್ಷಣೆಯಲ್ಲ.

ಒಂದು ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಪೋರ್ಟ್, ಪಹಣಿ ಅಥವಾ ಹಕ್ಕುಪತ್ರ, ಬ್ಯಾಂಕ್ ಪುಸ್ತಕ, ನಿಕಾಹ್ ಸರ್ಟಿಫಿಕೇಟ್, ಶುಗರ್ ಬಿಪಿ ಮಾತ್ರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದುರಿನ ಬಾಗಿಲ ಬಳಿ ಇಡಿ. ಎಲ್ಲದರ ಫೋಟೋ ಊರಲ್ಲಿಲ್ಲದ ಒಬ್ಬರ ಮೊಬೈಲಿನಲ್ಲೂ ಇರಲಿ. ಮನೆಯ ದಾಖಲೆ ಸರಿಯಿಲ್ಲದವರು ಮಳೆಗೆ ಮೊದಲೇ ಗ್ರಾಮಕರಣಿಕರನ್ನು ಕಾಣಿ, ಮನೆ ಬಿದ್ದ ಮೇಲೆ ಪರಿಹಾರಕ್ಕಾಗಿ ಅಲೆಯುವುದು ಇನ್ನೂ ಕಷ್ಟ. ಚಿನ್ನಕ್ಕಾಗಿ ಮಾತ್ರ ಹಿಂದೆ ಓಡಬೇಡಿ. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112, ಕರೆಂಟ್ ತಂತಿ ಬಿದ್ದರೆ ಮೆಸ್ಕಾಂ 1912. ಗೋಡೆಯ ಮೇಲೆ ಬರೆದಿಡಿ, ಉಮ್ಮಂದಿರಿಗೆ ಮೊಬೈಲಿನಲ್ಲಿ ಹುಡುಕಲು ಆಗುವುದಿಲ್ಲ.

'ಎಲ್ಲಾ ಅಲ್ಲಾಹನ ವಿಧಿ, ಬರುವುದು ಬಂದೇ ಬರುತ್ತದೆ' ಎಂಬ ಮಾತು ಇಷ್ಟು ಹೇಳುವಾಗ ಬಂದೇ ಬರುತ್ತದೆ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಲು ಕಲಿಸಿದ ದೀನ್ ನಮ್ಮದು. ಜೋರು ಮಳೆಯ ಹೊತ್ತಿನಲ್ಲಿ ಮನೆಯಲ್ಲೇ ನಮಾಝ್ ಮಾಡಿ ಎಂದು ಬಾಂಗಿನ ಜೊತೆ ಕೂಗಿ ಹೇಳಿಸಿದ ಸುನ್ನತ್ ಉಂಟು. ಅದನ್ನು ಜೀವಂತ ಮಾಡಲು ಖತೀಬರು ಹಿಂಜರಿಯಬಾರದು.

ಜಮಾಅತ್ ಕಮಿಟಿಗಳ ಮೇಲೂ ಹೊಣೆ ಇದೆ. ಮೊಹಲ್ಲಾದಲ್ಲಿ ಬರೆಗೆ ತಾಗಿ ಎಷ್ಟು ಮನೆ, ಅದರಲ್ಲಿ ಹಾಸಿಗೆ ಹಿಡಿದವರು ಯಾರು, ಗಂಡಸರಿಲ್ಲದ ಮನೆ ಯಾವುದು ಎಂಬ ಪಟ್ಟಿ ಒಂದು ಜುಮಾ ಆದ ಮೇಲೆ ಕೂತರೆ ಆಗುವ ಕೆಲಸ. ಆ ಪಟ್ಟಿ ಪಂಚಾಯತ್‌ಗೂ ತಲುಪಬೇಕು.

ಮದ್ರಸಗಳದ್ದು ಇನ್ನೊಂದು ಸಮಸ್ಯೆ. ಶಾಲೆಗೆ ರಜೆ ಎಂಬ ಆದೇಶ ಕೆಲವೊಮ್ಮೆ ಬೆಳಗ್ಗೆ ಬರುತ್ತದೆ, ನಮ್ಮ ಮಕ್ಕಳು ಅಷ್ಟರಲ್ಲಿ ಕೊಡೆ ಹಿಡಿದು ತೋಡಿನ ಬದಿಯಲ್ಲಿ ಮದ್ರಸಕ್ಕೆ ಹೊರಟಾಗಿರುತ್ತದೆ. ರೆಡ್ ಅಲರ್ಟ್ ಇದ್ದರೆ ಹಿಂದಿನ ರಾತ್ರಿ ಇಶಾ ಹೊತ್ತಿಗೇ ಮದ್ರಸಕ್ಕೆ ರಜೆ ಎಂದು ತೀರ್ಮಾನಿಸಲಿ. ಮಕ್ಕಳಿಲ್ಲದ ಆ ಕ್ಲಾಸ್ ರೂಮುಗಳಲ್ಲಿ ಎರಡನ್ನು ಹೆಂಗಸರಿಗೆಂದು ಬೇರೆಯಾಗಿ ಚಾಪೆ, ನೀರು, ಎಮರ್ಜೆನ್ಸಿ ಲೈಟ್ ಇಟ್ಟು ತೆರೆದಿಡಬಹುದು. ಕೀ ಯಾರ ಹತ್ತಿರ ಉಂಟು ಎಂದು ಬರೆ ಬದಿಯ ಪ್ರತಿ ಮನೆಗೂ ಮೊದಲೇ ಗೊತ್ತಿರಲಿ.