ಅಂಗಡಿಯ ನೆರಳಲ್ಲಿ ಬಾಡಿದ ಬೆಳ್ಳಿತೆರೆ

ದೇಶದ ಅತಿದೊಡ್ಡ ಚಿತ್ರಮಂದಿರ ಸಂಸ್ಥೆಯಾದ ಪಿವಿಆರ್ ಐನಾಕ್ಸ್, 2023ರ ಮೇ ತಿಂಗಳಲ್ಲಿ ಸುಮಾರು 50 ಪರದೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅದು ಕೊಟ್ಟ ಕಾರಣ ಗಮನಾರ್ಹ: ಈ ಪರದೆಗಳು ನಷ್ಟದಲ್ಲಿವೆ, ಇಲ್ಲವೇ ಅವುಗಳಿಗೆ ಆಶ್ರಯ ಕೊಟ್ಟ ಮಾಲ್‌ಗಳ ಆಯುಷ್ಯವೇ ತೀರಿದೆ. ಎರಡು ದಶಕಗಳ ಹಿಂದೆ ಸಿನಿಮಾ ಪ್ರದರ್ಶನದ ಭವಿಷ್ಯವೆಂದು ಕೊಂಡಾಡಿಸಿಕೊಂಡ ವ್ಯವಸ್ಥೆಯೊಂದು ತನ್ನ ಬಾಯಿಂದಲೇ ಆಡಿದ ಮಾತಿದು. ಚಿತ್ರಮಂದಿರವು ಅಂಗಡಿಯ ಬಾಡಿಗೆದಾರನಾದರೆ ಅಂಗಡಿ ಮುಚ್ಚಿದ ದಿನ ಅದೂ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಹೊಸಪೇಟೆಯವನಾದ ನನಗೆ ಇದು ಕೇವಲ ಮಹಾನಗರದ ಸುದ್ದಿಯಲ್ಲ. ನಮ್ಮ ಕಡೆಯ ಊರುಗಳು ಬೆಂಗಳೂರನ್ನು ಕಂಡೇ ತಮ್ಮ ನಾಳೆಯನ್ನು ಕಲ್ಪಿಸಿಕೊಳ್ಳುತ್ತವೆ. ಅಲ್ಲಿ ಎಡವಿದ್ದನ್ನು ಇಲ್ಲಿ ಮತ್ತೊಮ್ಮೆ ಎಡವಬೇಕಾಗಿಲ್ಲ.

ಮಾಲ್ ಚಿತ್ರಮಂದಿರದ ಏಳಿಗೆ ಅಕಾರಣವಾಗಿರಲಿಲ್ಲ ಎಂಬುದನ್ನು ಮೊದಲಿಗೆ ಒಪ್ಪಬೇಕು. 1997ರಲ್ಲಿ ದೆಹಲಿಯ ಸಾಕೇತ್‌ನಲ್ಲಿ ಆರಂಭವಾದ ಮಲ್ಟಿಪ್ಲೆಕ್ಸ್ ಪದ್ಧತಿ 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ಗೆ, ಮರುವರ್ಷ ಗರುಡಾ ಮಾಲ್‌ಗೆ ಬಂತು. ತಿಗಣೆ ತುಂಬಿದ ಕುರ್ಚಿ, ಮೂಗು ಮುಚ್ಚಿಕೊಂಡು ಹೋಗಬೇಕಾದ ಶೌಚಾಲಯ, ಗೇಟಿನ ಬಳಿಯ ಬ್ಲ್ಯಾಕ್ ಟಿಕೆಟ್ ದಂಧೆಗಳಿಂದ ಬೇಸತ್ತಿದ್ದ ಮಧ್ಯಮವರ್ಗ, ಅದರಲ್ಲೂ ಹೆಣ್ಣುಮಕ್ಕಳು, ಇಲ್ಲಿ ನೆಮ್ಮದಿ ಕಂಡರು. ಕನ್ನಡ ಚಿತ್ರಗಳಿಗೂ ಲಾಭವಾಯಿತು. 2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ' ಬೆಂಗಳೂರಿನ ಪಿವಿಆರ್‌ನಲ್ಲಿ ಒಂದು ವರ್ಷವನ್ನೂ ಮೀರಿ ಓಡಿದಾಗ, ಕನ್ನಡಕ್ಕೆ ಮಾಲ್‌ನಲ್ಲಿ ಪ್ರೇಕ್ಷಕರಿಲ್ಲ ಎಂಬ ಮಾತು ಸುಳ್ಳಾಯಿತು.

ಆದರೆ ಈ ಏಳಿಗೆಯ ಒಡಲಲ್ಲೇ ಇಳಿತದ ಬೀಜವಿತ್ತು. ಮಾಲ್‌ನ ಒಡೆಯರಿಗೆ ಸಿನಿಮಾ ಎಂದರೆ ಜನರನ್ನು ಮೇಲಂತಸ್ತಿನವರೆಗೆ ಸೆಳೆಯುವ ಉಪಾಯ. ಏರುವ ದಾರಿಯುದ್ದಕ್ಕೂ ಅಂಗಡಿಗಳು. ಚಿತ್ರಮಂದಿರ ನಡೆಸುವವರಿಗಾದರೋ ಟಿಕೆಟ್ ಹಣದಲ್ಲಿ ನಿರ್ಮಾಪಕ, ವಿತರಕರಿಗೆ ಪಾಲು ಹೋಗುತ್ತದೆ. ಪಾಪ್‌ಕಾರ್ನ್ ಹಣದಲ್ಲಿ ಯಾರಿಗೂ ಪಾಲಿಲ್ಲ. ಹೀಗಾಗಿ ಟಿಕೆಟ್ ದರವೂ ತಿಂಡಿಯ ದರವೂ ಪೈಪೋಟಿಯ ಮೇಲೆ ಏರಿದವು. ಬಟ್ಟೆಬರೆಯ ಖರೀದಿ ಮೊಬೈಲಿಗೆ ಸರಿದಾಗ ಮಾಲ್ ಬಡವಾಯಿತು. 2020ರ ಕೋವಿಡ್ ನಿರ್ಬಂಧಗಳ ಬಳಿಕ ಸಿನಿಮಾವೂ ಅದೇ ಮೊಬೈಲಿಗೆ ಇಳಿಯಿತು.

ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಈ ಪರಾಧೀನತೆಗೆ ಒಳ್ಳೆಯ ಉದಾಹರಣೆ. 2010ರಲ್ಲಿ ತೆರೆದಾಗ ಅದು ದೇಶದ ಅತಿದೊಡ್ಡ ಮಾಲ್‌ಗಳಲ್ಲಿ ಒಂದೆನಿಸಿತ್ತು. 2017ರ ಜನವರಿಯಲ್ಲಿ ಹಿಂಬದಿಯ ಗೋಡೆ ಕುಸಿದಾಗ ಅದನ್ನು ಮುಚ್ಚಿಸಬೇಕಾಯಿತು. 2021ರಿಂದೀಚೆಗೆ ಆಸ್ತಿ ತೆರಿಗೆ ಬಾಕಿಗಾಗಿ ಪಾಲಿಕೆ ಒಂದಕ್ಕಿಂತ ಹೆಚ್ಚು ಸಲ ಅದಕ್ಕೆ ಬೀಗ ಜಡಿಯಿತು. ಕುಸಿದ ಗೋಡೆಗೂ ಕಟ್ಟದ ತೆರಿಗೆಗೂ ಸಿನಿಮಾಕ್ಕೂ ಏನು ಸಂಬಂಧ? ಬಾಗಿಲು ಒಂದೇ ಎಂಬುದಷ್ಟೇ ಸಂಬಂಧ.

ಆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಎಂಬುದೂ ಮುಖ್ಯ. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಂದಿಗೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಹೋದಾಗ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಜನ ಸಿಡಿದೆದ್ದರು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸಿತು. ಸಿನಿಮಾ ಟಿಕೆಟ್ ಕೈಯಲ್ಲಿದ್ದರೂ ಅಂಗಡಿಯ ಕಾವಲುಗಾರನ ಅಪ್ಪಣೆ ಬೇಕೆಂಬುದನ್ನು ಆ ಘಟನೆ ಬಯಲು ಮಾಡಿತು. ನಮ್ಮ ಹಳೆಯ ಟಾಕೀಸುಗಳಿಗೆ ನೂರು ದೋಷಗಳಿದ್ದವು. ಆದರೆ ಪಂಚೆ ಉಟ್ಟವರನ್ನು ಹೊರಗಿಟ್ಟರೆ ಅಲ್ಲಿ ಪ್ರೇಕ್ಷಕರೇ ಉಳಿಯುತ್ತಿರಲಿಲ್ಲ.

ಕಂಪ್ಲಿಯ ಭತ್ತದ ರೈತ, ಸಂಡೂರಿನ ಗಣಿ ಕಾರ್ಮಿಕ, ಹೊಸಪೇಟೆಯ ಆಟೊ ಚಾಲಕ: ಕನ್ನಡ ಸಿನಿಮಾವನ್ನು ಹೊತ್ತು ನಡೆಸಿದವರು ಇಂಥವರೇ. 2021ರಲ್ಲಿ ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಪ್ರತಿಮೆ ಮರುವರ್ಷವೇ ಹೊಸಪೇಟೆಯಲ್ಲಿ ಎದ್ದು ನಿಂತದ್ದು ಈ ಪ್ರೇಕ್ಷಕರ ಪ್ರೀತಿಯಿಂದ. ಅಂಥ ಜನರ ಎಟುಕಿಗೆ ಸಿಗುವ ಪರದೆ ಯಾವುದೆಂಬ ಪ್ರಶ್ನೆಗೆ ಮಾಲ್‌ನಲ್ಲಿ ಉತ್ತರವಿಲ್ಲ.

ದಿಢೀರ್ ಹಣ ಶಾಶ್ವತವಾದುದನ್ನು ಕಟ್ಟುವುದಿಲ್ಲ ಎಂಬುದನ್ನು ನಮ್ಮ ಸೀಮೆಗೆ ಬೇರೆಯವರು ಕಲಿಸಬೇಕಾಗಿಲ್ಲ. ಹೊಸಪೇಟೆ-ಸಂಡೂರುಗಳಲ್ಲಿ ಕೆಂಪು ಧೂಳಿನೊಂದಿಗೆ ಎದ್ದ ಅದಿರಿನ ಸಿರಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳೊಂದಿಗೇ ನಿಂತುಹೋಯಿತು. ಇನ್ನೂ ಹಿಂದಕ್ಕೆ ಹೋದರೆ ಹಂಪಿ ಇದೆ. ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳ ಪೇಟೆ 1565ರ ಯುದ್ಧದ ಬಳಿಕ ಬರಿದಾಯಿತು. ಗುಡಿಯಲ್ಲಿ ಪೂಜೆ ಉಳಿದುಕೊಂಡಿತು. ಜನರು ಅಲ್ಲಿಗೆ ವ್ಯಾಪಾರದ ನೆವದಿಂದ ಮಾತ್ರ ಬರುತ್ತಿರಲಿಲ್ಲ.

ಸರ್ಕಾರದ ಗಮನ ಮಾತ್ರ ರಾಜಧಾನಿಯನ್ನು ಬಿಟ್ಟು ಕದಲಿಲ್ಲ. 2025-26ರ ಬಜೆಟ್‌ನಲ್ಲಿ ಬೆಂಗಳೂರಿನ ನಂದಿನಿ ಬಡಾವಣೆಯಲ್ಲಿ ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್ ಸಂಕೀರ್ಣದ ಘೋಷಣೆಯಾಯಿತು. ಅದೇ ಬಜೆಟ್ ಸಾರಿದ 200 ರೂಪಾಯಿಗಳ ಟಿಕೆಟ್ ಮಿತಿ ಸೆಪ್ಟೆಂಬರ್‌ನಲ್ಲಿ ನಿಯಮವಾಗಿ ಹೊರಬಂತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ದರವನ್ನು ಆಜ್ಞೆಯಿಂದ ಇಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ. ಕಡಿಮೆ ದರಕ್ಕೇ ನಡೆಯಬಲ್ಲ ಚಿತ್ರಮಂದಿರ ಕಟ್ಟುವುದು ಹೆಚ್ಚು ಬಾಳಿಕೆಯ ದಾರಿ.

ಜನತಾ ಚಿತ್ರಮಂದಿರದ ಮಾತು ರಾಜ್ಯದಲ್ಲಿ ಹೊಸದಲ್ಲ. ಅದನ್ನು ಕೈಗೂಡಿಸಲು ಈಗ ಅನುಕೂಲವೂ ಇದೆ: 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿಯಿತು; ಅದಕ್ಕಿಂತ ದುಬಾರಿ ಟಿಕೆಟ್‌ಗೆ ಶೇ 18 ಹಾಗೆಯೇ ಉಳಿಯಿತು. ತಾಲ್ಲೂಕು ಕೇಂದ್ರದಲ್ಲಿ 150ರಿಂದ 200 ಆಸನಗಳ, ಶುಚಿಯಾದ ಶೌಚಾಲಯವುಳ್ಳ ಚಿಕ್ಕ ಚಿತ್ರಮಂದಿರ ಕಟ್ಟುವವರಿಗೆ ಪುರಸಭೆ ಜಾಗವನ್ನು ದೀರ್ಘಾವಧಿ ಗುತ್ತಿಗೆಗೆ ಕೊಡಲಿ. ಟಿಕೆಟ್ 100 ರೂಪಾಯಿ ಮೀರದಷ್ಟು ಕಾಲ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಲಿ. ಪರವಾನಗಿ ಒಂದೇ ಕಿಟಕಿಯಲ್ಲಿ ಸಿಗಲಿ. ಹಳೆಯ ಟಾಕೀಸುಗಳನ್ನು ದುರಸ್ತಿ ಮಾಡಿಕೊಳ್ಳುವವರಿಗೂ ಇದೇ ಸವಲತ್ತು ಸಲ್ಲಲಿ.

2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದಂದಿನಿಂದ ಹೊಸಪೇಟೆಯ ನೆಲದ ಬೆಲೆ ಏರುತ್ತಿದೆ. ಆ ಬೆಲೆಗೆ ಸೋತು ಹಳೆಯ ಟಾಕೀಸಿನ ಜಾಗದಲ್ಲಿ ಗಾಜಿನ ಮಳಿಗೆ ಎದ್ದು, ಅದರ ನಾಲ್ಕನೆಯ ಅಂತಸ್ತಿಗೆ ಸಿನಿಮಾ ಏರಿ ಕೂರುವ ಮುನ್ನ ನಾವು ಯೋಚಿಸುವುದು ಒಳಿತು. ಮಾಲ್ ಮುಚ್ಚಿದರೆ ಇನ್ನೊಂದು ಬಂದೀತು. ಒಟ್ಟಿಗೆ ಕೂತು ಚಿತ್ರ ನೋಡುವ ರೂಢಿ ಒಮ್ಮೆ ತಪ್ಪಿದ ಊರಿಗೆ ಅದನ್ನು ಮರಳಿ ತಂದುಕೊಡುವ ಉದ್ಯಮಿ ಯಾರೂ ಇಲ್ಲ.