ಕಿಲೋಮೀಟರಿನ ವೃತ್ತಕ್ಕೆ ಸಿಗದ ಪರಿಣಾಮಗಳು

ಒಂದು ಉದ್ಯಮದಿಂದ ಒಂದು ಸೀಮೆಗೆ ಒಳಿತಾಯಿತೇ ಕೆಡುಕಾಯಿತೇ ಎಂಬ ಪ್ರಶ್ನೆ ಬಂದಾಗ, ಉದ್ಯೋಗ, ತೆರಿಗೆ, ರಸ್ತೆಗಳನ್ನು ಒಂದು ಕಡೆಗೂ ದೂಳು, ಕಳೆದುಹೋದ ಹೊಲ, ಇಳಿದ ಬಾವಿನೀರುಗಳನ್ನು ಇನ್ನೊಂದು ಕಡೆಗೂ ಇಟ್ಟು ಕೂಡಿ ಕಳೆಯುವುದು ರೂಢಿ. ಈ ಲೆಕ್ಕದಲ್ಲಿ ಪರಿಣಾಮಗಳು ಯಾವ ಮಾರ್ಗದಿಂದ ಬಂದವು ಎಂಬ ವಿಚಾರಕ್ಕೆ ಜಾಗವೇ ಇರುವುದಿಲ್ಲ. ಪರಿಣಾಮದ ಮಾರ್ಗವೆಂದರೆ ಒಂದು ಕಾರಣವು ಗಾಳಿ, ನೀರು, ಕೂಲಿ, ಬೆಲೆ, ಕಾಗದಪತ್ರ, ಜನರ ವಲಸೆ ಇಂಥ ಯಾವುದೋ ಮಾಧ್ಯಮವನ್ನು ಹಿಡಿದು ನಿರ್ದಿಷ್ಟ ಜನರನ್ನು ತಲುಪುವ ಬಗೆ. ಪ್ರತಿ ಮಾರ್ಗಕ್ಕೂ ತನ್ನದೇ ವೇಗ, ತನ್ನದೇ ಹರವು, ತನ್ನದೇ ಬಾಳಿಕೆ ಇರುವುದರಿಂದ ಒಂದರ ಲಾಭ ಇನ್ನೊಂದರ ನಷ್ಟವನ್ನು ತಾನಾಗಿ ತುಂಬುವುದಿಲ್ಲ.

ಇದನ್ನು ಪರಿಶೀಲಿಸಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಪಟ್ಟಿಗಿಂತ ತಕ್ಕ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1874ರಲ್ಲಿ ನಿಜಾಮರ ರೈಲುಮಾರ್ಗ ವಾಡಿಯಲ್ಲಿ ಮುಂಬಯಿ–ರಾಯಚೂರು ಹಳಿಯನ್ನು ಕೂಡಿಕೊಂಡ ಮೇಲೆ ಇಲ್ಲಿನ ಕಲ್ಲಿಗೆ ದೂರದ ಪೇಟೆ ತೆರೆಯಿತು; 1936ರಲ್ಲಿ ಎ.ಸಿ.ಸಿ. ಸಿಮೆಂಟ್ ಕಂಪನಿ ರೂಪುಗೊಂಡಾಗ ವಿಲೀನವಾದ ಕಂಪನಿಗಳಲ್ಲಿ ಶಹಾಬಾದಿನದೂ ಒಂದಾಗಿತ್ತು. ಮುಂದೆ 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಈ ಶತಮಾನದಲ್ಲಿ ಚಿಂಚೋಳಿ ಮತ್ತು ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳು ಸಿಮೆಂಟಿನ ನಕ್ಷೆಗೆ ಸೇರಿದವು.

ಭೌತಿಕ ಮಾರ್ಗಗಳು ಕಣ್ಣಿಗೆ ಮೊದಲು ಬೀಳುತ್ತವೆ, ಆದರೆ ಅವು ತೋರುವಷ್ಟು ಸರಳವಲ್ಲ. ದೂಳನ್ನೇ ತೆಗೆದುಕೊಂಡರೆ, ಎಲೆಯ ಮೇಲೆ ಕೂತ ದೂಳು ಬೆಳಕನ್ನು ತಡೆದು ಎಲೆಯ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಅದು ತೊಳೆದು ಹೋಗುತ್ತದೆಯಾದರೂ, ಈ ಸೀಮೆಯ ಮುಖ್ಯ ಬೆಳೆಯಾದ ತೊಗರಿ ಹೂಬಿಟ್ಟು ಕಾಯಿಕಟ್ಟುವುದು ಮಳೆ ನಿಂತ ಮೇಲೆ, ಅಂದರೆ ದೂಳು ತೊಳೆಯುವವರು ಯಾರೂ ಇಲ್ಲದ ತಿಂಗಳುಗಳಲ್ಲಿ. ವರ್ಷಪೂರ್ತಿಯ ಸರಾಸರಿ ದೂಳಿನ ಪ್ರಮಾಣ ಮಿತಿಯೊಳಗೇ ಇದ್ದರೂ ಬೆಳೆಗೆ ಬೇಕಾದ ಆ ಕೆಲವು ವಾರಗಳ ಸ್ಥಿತಿಯನ್ನು ಸರಾಸರಿ ಹೇಳುವುದಿಲ್ಲ. ನೀರಿನ ಮಾರ್ಗ ಇನ್ನೊಂದು ಬಗೆಯದು: ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ಒಸರುವ ನೀರನ್ನು ಪಂಪಿನಿಂದ ಹೊರಹಾಕಲೇಬೇಕಾಗುತ್ತದೆ, ಆಗ ಸುತ್ತಲಿನ ಬಾವಿಗಳ ಮಟ್ಟ ಇಳಿಯಬಹುದು, ಆದರೆ ಸುಣ್ಣಕಲ್ಲಿನಲ್ಲಿ ನೀರು ಬಿರುಕುಗಳ ಜಾಡು ಹಿಡಿದು ಹರಿಯುವುದರಿಂದ ಹತ್ತಿರದ ಬಾವಿ ಉಳಿದು ದೂರದ್ದು ಬತ್ತುವುದೂ ಸಾಧ್ಯ.

ಕಂಪನದ ವಿಷಯ ಎಲ್ಲಕ್ಕಿಂತ ತೊಡಕಿನದು. ಸಿಡಿಮದ್ದಿನ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಮಿತಿ ಹಾಕಿದೆ. ಕಡಿಮೆ ಆವರ್ತನದ ಕಂಪನವಾದರೆ ಊರವರ ವಾಸದ ಮನೆಗಳ ಬಳಿ ಅದು ಸೆಕೆಂಡಿಗೆ 5 ಮಿಲಿಮೀಟರನ್ನು ಮೀರುವಂತಿಲ್ಲ. ಆದರೆ ಇಲ್ಲಿನ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು; ಯಾವ ಸ್ಫೋಟವೂ ಇಲ್ಲದೆ ಆ ಮಣ್ಣೇ ಮನೆಯ ಗೋಡೆಯನ್ನು ಸೀಳಬಲ್ಲದು. ಕಾರಣಗಳು ಎರಡು, ಬಿರುಕು ಒಂದು. ಸಂಶಯದ ಲಾಭ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಆಗ ಭೂಗರ್ಭಶಾಸ್ತ್ರದ್ದಾಗಿ ಉಳಿಯದೆ, ಅಳೆಯುವ ಯಂತ್ರ ಯಾರ ಕೈಯಲ್ಲಿದೆ ಎಂಬ ಸಾಮಾಜಿಕ ಪ್ರಶ್ನೆಯಾಗುತ್ತದೆ.

ಹೀಗೆ ಒಂದು ಮಾರ್ಗದಲ್ಲಿ ಹೊರಟ ಪರಿಣಾಮ ನಡುವೆ ರೂಪ ಬದಲಿಸುತ್ತದೆ. ಹೊಲ ಗಣಿಯಾದಾಗ ಪಹಣಿಯಲ್ಲಿ ಹೆಸರಿದ್ದವನಿಗೆ ಹಣ ಬರುತ್ತದೆ. ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳಿಗೆ, ಪಾಲಿಗೆ ಮಾಡುತ್ತಿದ್ದವನಿಗೆ, ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ತೋರಿಸಲು ಕಾಗದವಿಲ್ಲ. 2013ರ ಭೂಸ್ವಾಧೀನ ಕಾಯ್ದೆಯು ಮೂರು ವರ್ಷ ಆ ನೆಲವನ್ನೇ ನೆಚ್ಚಿ ಬದುಕಿದ ಭೂರಹಿತ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಗುರುತಿಸಿರುವುದು ದೊಡ್ಡ ಹೆಜ್ಜೆಯೇ ಸರಿ. ಆದರೆ ಕಂಪನಿಯು ಮಾಲೀಕನಿಂದ ನೇರವಾಗಿ ಖರೀದಿಸಿದಾಗ, ಆ ಖರೀದಿ ಗೊತ್ತುಪಡಿಸಿದ ವಿಸ್ತೀರ್ಣದ ಮಿತಿಯೊಳಗಿದ್ದರೆ, ಪುನರ್ವಸತಿಯ ಹೊಣೆ ಹುಟ್ಟುವುದಿಲ್ಲ.

ಆರ್ಥಿಕ ಮಾರ್ಗಗಳನ್ನು ಅರಿಯಲು ಆಲ್ಬರ್ಟ್ ಹರ್ಷ್‌ಮನ್ 1958ರಲ್ಲಿ ಮಂಡಿಸಿದ ಕೊಂಡಿಗಳ ವಿಚಾರ ನೆರವಾಗುತ್ತದೆ: ಉದ್ಯಮವೊಂದು ತನಗೆ ಬೇಕಾದ ಸರಕನ್ನು ಒದಗಿಸುವ ಕಸುಬುಗಳನ್ನು ಬೆಳೆಸಿದರೆ ಅದು ಹಿಂದಣ ಕೊಂಡಿ, ತನ್ನ ಉತ್ಪನ್ನವನ್ನು ಬಳಸುವ ಕಸುಬುಗಳನ್ನು ಬೆಳೆಸಿದರೆ ಮುಂದಣ ಕೊಂಡಿ. ಸಿಮೆಂಟಿನ ಯಂತ್ರ ಹೊರಗಿನದು, ಕಲ್ಲಿದ್ದಲು ಹೊರಗಿನದು, ನುರಿತ ನೌಕರರಲ್ಲಿ ಹಲವರು ಹೊರಗಿನವರು, ಮಾಲೂ ಬಹುಪಾಲು ಹೊರಗೇ ಹೋಗುತ್ತದೆ. ಸ್ಥಳೀಯವಾಗಿ ಉಳಿಯುವ ಕೊಂಡಿಗಳೆಂದರೆ ಲಾರಿ, ಗುತ್ತಿಗೆ ಕೂಲಿ, ಕಾರ್ಖಾನೆಯ ಕಾಲನಿಯ ಸುತ್ತಲಿನ ಅಂಗಡಿಗಳು. ಅದೇ ಶಿಲೆಯಿಂದ ಬದುಕುವ ಶಹಾಬಾದ ಫರ್ಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಕಸುಬು ಇದಕ್ಕೆ ತದ್ವಿರುದ್ಧ: ಬಂಡವಾಳ ಕಡಿಮೆ, ಕೈಗಳು ಹೆಚ್ಚು, ಒಡೆಯುವುದು, ಕೊಯ್ಯುವುದು, ಪಾಲಿಶ್ ಮಾಡುವುದು ಎಲ್ಲವೂ ಊರೊಳಗೇ. ಆದರೂ ಫರ್ಸಿಯನ್ನು ಹೊಗಳಿ ಸಿಮೆಂಟನ್ನು ತೆಗಳುವುದು ಅವಸರದ ಮಾತಾದೀತು. ಚದುರಿದ ಚಿಕ್ಕ ಘಟಕಗಳಲ್ಲಿ ದೂಳಿನ ನಿಯಂತ್ರಣವನ್ನಾಗಲಿ ಭವಿಷ್ಯನಿಧಿಯನ್ನಾಗಲಿ ಖಾತರಿಪಡಿಸುವುದು ಹೆಚ್ಚು ಕಷ್ಟ. ವಿಟ್ರಿಫೈಡ್ ಟೈಲ್ಸ್ ಮನೆಮನೆಯ ನೆಲವನ್ನು ಹಿಡಿದಾಗ ಫರ್ಸಿಗೆ ಬಿದ್ದ ಹೊಡೆತವಂತೂ ಬೆಲೆ ಮತ್ತು ಅಭಿರುಚಿಯೆಂಬ ಮಾರ್ಗದಲ್ಲಿ ಬಂದದ್ದು, ಅದನ್ನು ತಡೆಯುವ ಪರವಾನಗಿ ಯಾವ ಕಚೇರಿಯಲ್ಲೂ ಇಲ್ಲ.

ಸಾಮಾಜಿಕ ಮಾರ್ಗಗಳಲ್ಲಿ ಮುಖ್ಯವಾದದ್ದು ಗುಳೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗುವವರು ಅಲ್ಲಿ ಕಲಸುವ ಸಿಮೆಂಟಿನ ಚೀಲ ಅವರ ಜಿಲ್ಲೆಯದೇ ಆಗಿರಬಹುದು. ಕಾರ್ಖಾನೆ ಪಕ್ಕದಲ್ಲಿದ್ದೂ ಸಿಮೆಂಟಿನ ಕೂಲಿ ಅವರಿಗೆ ನೂರಾರು ಕಿಲೋಮೀಟರ್ ಆಚೆ ಸಿಗುವ ಈ ಸ್ಥಿತಿಯಲ್ಲಿ, ಹಿರಿಯರು ಊರಲ್ಲಿ ಉಳಿಯುತ್ತಾರೆ, ಮಕ್ಕಳ ಶಾಲೆ ನಡುವರ್ಷದಲ್ಲಿ ಮುರಿಯುತ್ತದೆ.

ಆಡಳಿತವು ಈ ಎಲ್ಲವನ್ನೂ ದೂರದ ಲೆಕ್ಕದಲ್ಲಿ ಅಳೆಯುತ್ತದೆ. ಪರಿಸರ ಪರಿಣಾಮದ ಅಧ್ಯಯನಕ್ಕೆ ಸಾಮಾನ್ಯವಾಗಿ 10 ಕಿಲೋಮೀಟರ್ ತ್ರಿಜ್ಯದ ವೃತ್ತ. ಗಣಿ ಕಂಪನಿಗಳು ರಾಜಧನದ ಜೊತೆಗೆ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣಕ್ಕೆ 2024ರ ಮಾರ್ಗಸೂಚಿಯಂತೆ 15 ಕಿಲೋಮೀಟರಿನೊಳಗೆ ನೇರ ಬಾಧಿತ, 25ರೊಳಗೆ ಪರೋಕ್ಷ ಬಾಧಿತ ಪ್ರದೇಶ. ವೃತ್ತ ಎಳೆಯುವುದು ಸುಲಭ, ಪಕ್ಷಪಾತದ ದೂರಿಗೂ ಅದರಲ್ಲಿ ಎಡೆ ಕಡಿಮೆ. ಈ ಗುಣಗಳನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನೀರು ಬಿರುಕನ್ನೂ ದೂಳು ಗಾಳಿಯನ್ನೂ ಗುಳೆ ರೈಲನ್ನೂ ಅನುಸರಿಸುತ್ತವೆ. ಸುಣ್ಣಕಲ್ಲು ಸುಟ್ಟಾಗ ಶುದ್ಧ ಕಲ್ಲಿನ ಪ್ರತಿ ಟನ್ನಿಗೆ ಸುಮಾರು 440 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಇಂಧನದ ಹೊಗೆ ಬೇರೆ. ಆ ಅನಿಲಕ್ಕೆ ಜಿಲ್ಲೆಯ ಗಡಿಯೂ ಇಲ್ಲ.

ದೂರಕ್ಕಿಂತಲೂ ಹೆಚ್ಚಾಗಿ ಕಾಲ ಈ ವೃತ್ತಗಳನ್ನು ಸುಳ್ಳಾಗಿಸುತ್ತದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ಸೇಡಂ ತಾಲ್ಲೂಕಿನ ಕುರಕುಂಟಾದ ಸಾರ್ವಜನಿಕ ವಲಯದ ಘಟಕವೂ ಮುಚ್ಚಿದವು. ಇಂಥ ಕಡೆ ಸಂಬಳದ ಮಾರ್ಗ ಬೇಗ ಕಡಿಯುತ್ತದೆ, ಸಂಬಳವನ್ನು ನೆಚ್ಚಿದ ಅಂಗಡಿ, ಬಾಡಿಗೆ, ಸಾಲ ಅದರ ಹಿಂದೆಯೇ ಕುಸಿಯುತ್ತವೆ. ತೋಡಿದ ಗುಂಡಿ ಮಾತ್ರ ಉಳಿಯುತ್ತದೆ. ಆದ್ದರಿಂದ ಕಾರ್ಖಾನೆ ನಡೆಯುತ್ತಿರುವ ವರ್ಷಗಳಲ್ಲಿ ಮಾಡಿದ ಲಾಭನಷ್ಟದ ಲೆಕ್ಕ ಸಂಬಳದ ಕಡೆಗೆ ವಾಲುವುದು ಸಹಜ. ಖನಿಜ ಪ್ರತಿಷ್ಠಾನದ ಹಣವನ್ನು ಇಂದಿನ ಕಟ್ಟಡ, ರಸ್ತೆಗಳಿಗೆ ಖರ್ಚು ಮಾಡುವ ಮುನ್ನ ಅದರ ಒಂದು ಪಾಲನ್ನು ಬಾವಿಗಳ ಮಟ್ಟ, ತೊಗರಿ ಹೂಬಿಡುವ ತಿಂಗಳ ದೂಳು, ಊರೊಳಗಿನ ಕಂಪನ ಇವುಗಳ ಸ್ವತಂತ್ರ ದಾಖಲೆಗೆ, ಆ ದಾಖಲೆಯನ್ನು ಗ್ರಾಮ ಪಂಚಾಯಿತಿಯ ಸುಪರ್ದಿಗೆ ಕೊಡುವುದಕ್ಕೆ ಮೀಸಲಿಟ್ಟರೆ, ಕಾಗದವಿಲ್ಲದೆ ಬಾಧೆಗೊಳಗಾದವರ ಕೈಗೂ ಒಂದು ಕಾಗದ ಬರುತ್ತದೆ.